ಪೆಟ್ಟಿಗೆಯಲ್ಲಿ ಇಲ್ಲದ ಭಾಗಗಳು

ಆಟದ ಕಾರು ಮಾಡೋ ಮುದುಕ ಅಂತ ನಮ್ಮ ಬೀದಿಯಲ್ಲಿ ನನಗೆ ಹೆಸರು ಬಿದ್ದಿದೆ. ಬೀಳಲಿ. ಮೂವತ್ತೆಂಟು ವರ್ಷ ಲೇತ್ ಮುಂದೆ ನಿಂತು, ಬೇರೆಯವರು ಬರೆದ ಡ್ರಾಯಿಂಗ್ ನೋಡಿ ಕಬ್ಬಿಣ ಕೊರೆದವನು ನಾನು. ಈಗ ಲೇತ್ ಇಲ್ಲ, ಡ್ರಾಯಿಂಗ್ ಕೊಡೋರೂ ಇಲ್ಲ. ಕಿಟಕಿ ಪಕ್ಕದಲ್ಲಿ ಒಂದು ಹಲಗೆ, ಒಂದು ಟೇಬಲ್ ಲ್ಯಾಂಪು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು, ಅಕ್ಕಸಾಲಿಗರ ಹತ್ತಿರ ಕೊಂಡ ಒಂದು ಕೈಡ್ರಿಲ್ಲು. ಇಷ್ಟೇ ನನ್ನ ಕಾರ್ಖಾನೆ. ಇಲ್ಲಿ ಕೆಲಸಗಾರನೂ ನಾನೇ, ಮಾಲೀಕನೂ ನಾನೇ. ಮಾಲೀಕನಾಗಿದ್ದು ಇದೇ ಮೊದಲು.

ಅಕ್ಕನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಊರಿಗೆ ಬಂದವನು ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟ. “ಮಾವ, ಸುಮ್ನೆ ಕೂತಿದ್ರೆ ಕೈ ತುಕ್ಕು ಹಿಡಿಯುತ್ತೆ, ಇದನ್ನ ಜೋಡಿಸ್ತಾ ಇರಿ” ಅಂದ. ಒಳಗೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದ ಸಣ್ಣ ಸಣ್ಣ ತುಂಡುಗಳು. ಜೋಡಿಸಿದರೆ ಉದ್ದಕ್ಕೆ, ತೆಳ್ಳಗೆ, ಮಿಡತೆಯ ಹಾಗೆ ಕಾಣುವ ಒಂದು ಕಾರು. ಹಿಂದೆ ದಪ್ಪ ಎರಡು ಟೈರು, ಮುಂದೆ ಸೈಕಲ್ಲಿನದರ ಹಾಗೆ ಸಣಕಲು ಎರಡು ಚಕ್ರ. ಇದಕ್ಕೆ ಡ್ರ್ಯಾಗ್‌ಸ್ಟರ್ ಅನ್ನುತ್ತಾರೆ.

ಡ್ರ್ಯಾಗ್ ರೇಸ್ ಅಂದರೆ ತಿರುವಿಲ್ಲದ ಓಟ. ನೆಟ್ಟಗೆ ಕಾಲು ಮೈಲಿ, ಅಂದರೆ 1320 ಅಡಿ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ನಾವು ಒಂದು ಸಲ ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಓಟ ಮುಗಿದಿರುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಜೋರಾಗಿ ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ. ಒಣಗಿದ ಕೆರೆಯಂಗಳಗಳಲ್ಲಿ, ಬಳಕೆ ತಪ್ಪಿದ ವಿಮಾನದ ರನ್‌ವೇಗಳಲ್ಲಿ, ಕೆಲವು ಸಲ ಪೊಲೀಸರ ಕಣ್ಣು ತಪ್ಪಿಸಿ ಬೀದಿಗಳಲ್ಲೇ ಹುಡುಗರು ಓಡಿಸುತ್ತಿದ್ದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ ಈ ಓಟಕ್ಕೆ ನಿಯಮ ತಂದ.

ನನಗೆ ಹಿಡಿಸಿದ್ದು ಆ ಹುಡುಗರು ಸಾಮಾನು ಹೊಂದಿಸಿಕೊಂಡ ರೀತಿ. ಎಂಜಿನ್ ಗುಜರಿ ಕಾರಿನದು. ಗಾಳಿಕೊಡೆ ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಬಿಕರಿಯಾದ ಸೈನ್ಯದ ಮಾಲು. ಎಂಜಿನ್ನಿಗೆ ಗಾಳಿ ತುರುಕುವ ಬ್ಲೋವರ್ ಇದೆಯಲ್ಲ, ಅದು ಜನರಲ್ ಮೋಟಾರ್ಸ್‌ನ 6-71 ಡೀಸೆಲ್ ಎಂಜಿನ್ನಿಂದ ಬಿಚ್ಚಿದ್ದು. ಲಾರಿ, ಬಸ್ಸುಗಳಲ್ಲಿ ದುಡಿಯುತ್ತಿದ್ದ ಎಂಜಿನ್ ಅದು. ಆರು ಸಿಲಿಂಡರು, ಒಂದೊಂದೂ 71 ಘನ ಇಂಚು, ಅದಕ್ಕೇ ಆ ಹೆಸರು. ಯಾವುದಕ್ಕೋ ಮಾಡಿದ್ದನ್ನು ತಂದು ಇನ್ಯಾವುದಕ್ಕೋ ಕೂರಿಸುವುದು ಬಡವರ ಎಂಜಿನಿಯರಿಂಗ್. ನಮಗೆ ಅದು ಚೆನ್ನಾಗಿ ಗೊತ್ತು.

ನನ್ನ ಕಾರು ಇಪ್ಪತ್ತೈದನೇ ಒಂದು ಅಳತೆಯದು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಅದನ್ನು 25ರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ ನಿಜವಾದ ಕಾರಿನ ಒಂದು ಇಂಚು ನನ್ನ ಹಲಗೆಯ ಮೇಲೆ ಒಂದು ಮಿಲಿಮೀಟರ್. 1970ರ ಹೊತ್ತಿಗೆ ಇಂಥ ಕಾರುಗಳ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ 200 ಇಂಚು ದಾಟಿತ್ತು. ನನ್ನ ಹಲಗೆಯಲ್ಲಿ ಅದು ಒಂದು ಗೇಣು.

ಪೆಟ್ಟಿಗೆಯಲ್ಲಿದ್ದದ್ದನ್ನು ಜೋಡಿಸೋಕೆ ನಾಲ್ಕು ದಿನ ಸಾಕಾಯಿತು. ಆದರೆ ಮುಗಿದ ಕಾರನ್ನು ಕಣ್ಣುಗಾಜಿನಲ್ಲಿ ನೋಡಿದರೆ ಅದು ಕಾರೇ ಅಲ್ಲ. ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ವಯರಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಇಂಧನ ಹೋಗೋಕೆ ಪೈಪಿಲ್ಲ. ಬ್ರೇಕಿನ ಹಿಡಿಗೆ ಸಂಪರ್ಕವೇ ಇಲ್ಲ. ಇಂಥ ಇಲ್ಲದ ಭಾಗಗಳನ್ನು ಕೈಯಲ್ಲೇ ಹುಟ್ಟಿಸಿ ಸೇರಿಸುವುದಕ್ಕೆ ಆ ದೇಶದ ಹವ್ಯಾಸಿಗಳು ಸ್ಕ್ರ್ಯಾಚ್ ಬಿಲ್ಡಿಂಗ್ ಅನ್ನುತ್ತಾರೆ ಅಂತ ಅಳಿಯ ಹೇಳಿದ. ಅದಕ್ಕೆ ಬೇಕಾದ ಸಾಮಾನನ್ನೂ ಅಲ್ಲಿ ಮಾರುತ್ತಾರಂತೆ. ನಾನು ಎಸ್.ಪಿ. ರಸ್ತೆಗೆ ಹೋದೆ.

ಸ್ಪಾರ್ಕ್ ಪ್ಲಗ್ಗಿನ ವಯರು ನಿಜದಲ್ಲಿ ಸುಮಾರು ಎಂಟು ಮಿಲಿಮೀಟರ್ ದಪ್ಪ. ಇಪ್ಪತ್ತೈದರಿಂದ ಭಾಗಿಸಿದರೆ 0.32. ಮೋಟಾರ್ ಸುತ್ತುವ 30 ಗೇಜಿನ ತಾಮ್ರದ ತಂತಿ 0.315 ಮಿಲಿಮೀಟರ್. ದೇವರೇ ಅಳತೆ ತೆಗೆದು ಕಳಿಸಿದ ಹಾಗಿತ್ತು! ಎಂಟು ತುಂಡು ಕತ್ತರಿಸಿ, ಮ್ಯಾಗ್ನೆಟೊದ ತಲೆಯಲ್ಲಿ ಎಂಟು ತೂತು ಕೊರೆದು ಸಿಕ್ಕಿಸಿದೆ. ಈ ಕ್ರೈಸ್ಲರ್ ಹೆಮಿ ಎಂಜಿನ್ನಿನಲ್ಲಿ ಸಿಲಿಂಡರುಗಳು ಉರಿಯುವ ಸರದಿ 1-8-4-3-6-5-7-2. ಒಂದು, ಮೂರು, ಐದು, ಏಳು ಎಡಗಡೆ. ಎರಡು, ನಾಲ್ಕು, ಆರು, ಎಂಟು ಬಲಗಡೆ. ಆ ಸರದಿಯಲ್ಲೇ ವಯರು ಎಳೆದೆ. ಯಾರೂ ನೋಡುವುದಿಲ್ಲ. ಆದರೆ ತಪ್ಪು ಸರದಿಯಲ್ಲಿ ವಯರು ಕೊಟ್ಟ ಎಂಜಿನ್ ಓಡುವುದಿಲ್ಲ ಅಂತ ತಿಳಿದ ಮೇಲೆ, ಹೇಗೋ ಒಂದು ಹಾಗೆ ಸಿಕ್ಕಿಸಲು ಟರ್ನರನ ಕೈ ಒಪ್ಪುವುದಿಲ್ಲ.

ಇಂಧನದ ನಳಿಗೆ ಇಂಜೆಕ್ಷನ್ ಸೂಜಿಯ ತುಂಡು. ಹೆಣೆದ ಉಕ್ಕಿನ ಹೋಸಿಗೆ ಗಿಟಾರಿನ ದಪ್ಪ ತಂತಿ, ಅದರ ಮೇಲೆ ಸುತ್ತಿದ ಸುರುಳಿ ಥೇಟ್ ಹೆಣಿಗೆಯಂತೆ ಕಾಣುತ್ತದೆ. ಬ್ಲೋವರಿನ ಬೆಲ್ಟಿಗೆ ಕೆಟ್ಟ ಟೇಪ್ ರೆಕಾರ್ಡರಿನ ರಬ್ಬರು. ಸಣ್ಣ ಸರಳು ಬೇಕಾದಾಗ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನೇ ಮೇಣದಬತ್ತಿಯ ಮೇಲೆ ಹಿಡಿದು ತಿರುಗಿಸಬೇಕು. ಅದು ಮೆತ್ತಗಾಗಿ ಜೋಲು ಬಿದ್ದ ಗಳಿಗೆಯಲ್ಲಿ ಉರಿಯಿಂದ ತೆಗೆದು ಎರಡು ಕಡೆಯಿಂದ ಎಳೆಯಬೇಕು. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಎಳೆಯಷ್ಟು ತೆಳು. ಎಳೆದ ಮೇಲೆ ಆರುವವರೆಗೆ ಕೈ ಅಲುಗಿಸಬಾರದು. ಈ ಕಡ್ಡಿಗೆ ಪ್ಲಾಸ್ಟಿಕ್ ಅಂಟು ಸಾಕು. ತಾಮ್ರಕ್ಕೆ, ಉಕ್ಕಿಗೆ ಅದು ಹಿಡಿಯುವುದಿಲ್ಲ, ಫೆವಿಕ್ವಿಕ್ಕೇ ಬೇಕು.

ಹೀಗೆ ಒಂದೊಂದೇ ಭಾಗ ಸೇರಿಸುತ್ತಾ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಣ್ಣವಿತ್ತು, ಹೊಗೆಯಿತ್ತು, ಬೆಂಕಿಯಿತ್ತು, ಹಣ ಹಾಕಿದ ಕಂಪನಿಗಳ ಹೆಸರೂ ಇತ್ತು. ಒಳಗೆ ಇಲ್ಲದೆ ಹೋದದ್ದು ಬಹುಮಟ್ಟಿಗೆ ಮನುಷ್ಯನ ಮೈಯನ್ನು ಕಾಯುವ ಭಾಗಗಳು. ಸೀಟಿಗೆ ಕಟ್ಟುವ ಪಟ್ಟಿ ಇಲ್ಲ. ಇಂಧನ ನಿಲ್ಲಿಸುವ ಕೊಂಡಿ ಇಲ್ಲ. ಗಾಳಿಕೊಡೆ ಬಿಚ್ಚುವ ಹಗ್ಗ ಇಲ್ಲ. ಕ್ಲಚ್ ಒಡೆದರೆ ಚೂರು ಹಾರದಂತೆ ಅದರ ಸುತ್ತ ಹಾಕುವ ಉಕ್ಕಿನ ಚಿಪ್ಪೂ ಇಲ್ಲ. ಆಟದ ಸಾಮಾನು ಮಾಡುವವರು ಬೇಕೆಂದು ಬಿಟ್ಟರು ಅಂತ ನಾನು ಹೇಳುವುದಿಲ್ಲ. ಇಷ್ಟು ಸಣ್ಣದನ್ನು ಅಚ್ಚಿನಲ್ಲಿ ಎರಕ ಹೊಯ್ಯುವುದು ಕಷ್ಟ, ದುಡ್ಡಿನ ಬಾಬತ್ತೂ ಹೌದು. ಆದರೆ ಅಂದಿನಿಂದ ನಾನು ಮಾಡಬೇಕಾದ ಭಾಗಗಳ ಪಟ್ಟಿ ಬದಲಾಯಿತು. ಮೈ ಕಾಯುವ ಭಾಗ ಮೊದಲು, ಹೊಳೆಯುವ ಭಾಗ ಆಮೇಲೆ.

ಗಾಳಿಕೊಡೆಯ ಚೀಲ ಹೊಲಿದುಕೊಟ್ಟಿದ್ದು ಅಕ್ಕ. ಹತ್ತು ಇಂಚಿನ ಚೀಲ ನನ್ನ ಅಳತೆಗೆ ಹತ್ತು ಮಿಲಿಮೀಟರ್. ಅಕ್ಕ ಇಪ್ಪತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದವಳು. ಕನ್ನಡಕ ಏರಿಸಿಕೊಂಡು ನೋಡಿ, “ಇದೇನೋ, ಇರುವೆಗೆ ಅಂಗಿ ಹೊಲಿಯೋಕೆ ಕೊಟ್ಟಿದ್ದೀಯ” ಅಂದಳು. ಹೊಲಿದಳು. ಅವಳಿಗೆ ಬಿಲ್ ಸಿಂಪ್ಸನ್ ಕಥೆ ಹೇಳಿದೆ. ಕ್ಯಾಲಿಫೋರ್ನಿಯದವನು. 1958ರಲ್ಲಿ, ಹದಿನೆಂಟರ ಹುಡುಗ, ಡ್ರ್ಯಾಗ್ ಓಟದ ಅಪಘಾತದಲ್ಲಿ ಎರಡೂ ತೋಳು ಮುರಿದುಕೊಂಡ. ಗುಣವಾದ ಮೇಲೆ ಓಟದ ಕಾರುಗಳಿಗೆ ಗಾಳಿಕೊಡೆ ಮಾಡುವ ಕಸುಬಿಗೆ ಇಳಿದ. ಮುಂದೆ ಬೆಂಕಿ ತಡೆಯುವ ಉಡುಪು ಮಾಡಿ ಹೆಸರಾದ, 2019ರಲ್ಲಿ ತೀರಿಕೊಂಡ. ಅಕ್ಕ ದಾರ ಕಡಿಯುತ್ತಾ ಕೇಳಿದಳು: “ತೋಳು ಮುರಿದ ಮೇಲೆ ಬುದ್ಧಿ ಬಂತು ಅನ್ನು. ಮುರಿಯೋಕೆ ಮುಂಚೆ ಯಾರಿಗೂ ಬರ್ಲಿಲ್ವಾ?”

ಆ ಪ್ರಶ್ನೆ ನನ್ನ ಜೊತೆ ಹಲಗೆ ಮುಂದೆ ಕೂತುಬಿಟ್ಟಿತು.

ನನ್ನ ಕಾರು ಹಳೆಯ ನಮೂನೆಯದು. ಎಂಜಿನ್ ಮುಂದೆ, ಓಡಿಸುವವನು ಹಿಂದಿನ ಅಚ್ಚಿಗಿಂತಲೂ ಹಿಂದೆ. ಕವಣೆಯಲ್ಲಿ ಕಲ್ಲು ಕೂತ ಹಾಗೆ ಕೂತಿರುತ್ತಾನೆ, ಹೆಸರೂ ಅದೇ, ಸ್ಲಿಂಗ್‌ಶಾಟ್. ಎಂಜಿನ್ನಿಗೆ ಬೆಂಕಿ ಹತ್ತಿದರೆ ಬೆಂಕಿ ಅವನ ಮುಖಕ್ಕೇ ಬರುತ್ತದೆ. ಎಣ್ಣೆ ಒಸರಿದರೆ ಅವನ ಕಣ್ಣಿಗೇ. ಕ್ಲಚ್ಚು, ಗೇರ್‌ಬಾಕ್ಸು ಅವನ ಎರಡು ಕಾಲುಗಳ ನಡುವೆ. ಆ ಕಾರುಗಳಿಗೆ ಹಾಕುತ್ತಿದ್ದದ್ದು ನೈಟ್ರೊಮೀಥೇನ್. ತನ್ನೊಳಗೇ ಆಮ್ಲಜನಕ ಹೊತ್ತು ತರುವ ಇಂಧನ ಅದು. ಹಾಗಾಗಿ ಅದೇ ಗಾಳಿಗೆ ಪೆಟ್ರೋಲಿಗಿಂತ ಎಷ್ಟೋ ಪಟ್ಟು ಹೆಚ್ಚು ಇಂಧನ ಉರಿಸಬಹುದು. ಕಾಲು ಮೈಲಿಯನ್ನು ಏಳು ಸೆಕೆಂಡಿನೊಳಗೆ, ಕೊನೆಯಲ್ಲಿ ಗಂಟೆಗೆ 220 ಮೈಲಿಯ ವೇಗದಲ್ಲಿ ಮುಟ್ಟುತ್ತಿದ್ದರು. ಅಷ್ಟು ಶಕ್ತಿಯನ್ನು ತೊಡೆಗಳ ಮಧ್ಯೆ ಇಟ್ಟುಕೊಂಡು ಕೂರುವುದು ವಾಡಿಕೆಯಾಗಿತ್ತು. ಅಪಾಯ ವಾಡಿಕೆಯಾದರೆ ಅದಕ್ಕೆ ಧೈರ್ಯ ಅಂತ ಹೆಸರಿಡುತ್ತಾರೆ.

1970ರ ಮಾರ್ಚ್ 8ರಂದು, ಲಾಸ್ ಏಂಜಲೀಸ್ ಹತ್ತಿರದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಓಡಿಸುತ್ತಿದ್ದ ಕಾರಿನ ಗೇರ್‌ಬಾಕ್ಸು ಓಟ ಶುರುವಾಗುವ ಗೆರೆಯಲ್ಲೇ ಸಿಡಿಯಿತು. ಕಾರು ಎರಡು ತುಂಡಾಯಿತು. ಅವನ ಬಲಗಾಲಿನ ಪಾದದ ಮುಂಭಾಗ ಹಾರಿಹೋಯಿತು. ನೋಡಲು ನಿಂತಿದ್ದ ಜನರಲ್ಲಿ ಒಬ್ಬ ಹುಡುಗನಿಗೂ ತೀವ್ರ ಗಾಯವಾಯಿತು. ಗಾರ್ಲಿಟ್ಸ್ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹೊಸ ಕಾರಿನ ಯೋಚನೆ ಮಾಡಿದ. ಎಂಜಿನ್ ಬೆನ್ನ ಹಿಂದೆ ಹೋಗಬೇಕು, ಮನುಷ್ಯ ಮುಂದೆ ಬರಬೇಕು. ಇದನ್ನು ಬೇರೆಯವರು ಮೊದಲೇ ಮಾಡಿ ನೋಡಿದ್ದರು, ಕಾರು ನೆಟ್ಟಗೆ ಓಡುತ್ತಿರಲಿಲ್ಲ. ಫ್ಲೋರಿಡಾದ ತನ್ನ ಶೆಡ್ಡಿನಲ್ಲಿ ಜೊತೆಗಾರರ ಸಂಗಡ ಕೂತು ಗಾರ್ಲಿಟ್ಸ್ ಮತ್ತೆ ಮತ್ತೆ ಪ್ರಯತ್ನಿಸಿದ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಚಕ್ರ ಇನ್ನೂ ಸ್ವಲ್ಪವೇ ತಿರುಗುವಂತೆ ಅದರ ಅನುಪಾತ ಬದಲಾಯಿಸಿದ ಮೇಲೆ ಕಾರು ಹದಕ್ಕೆ ಬಂತು. 1971ರಲ್ಲಿ ಪೊಮೊನಾದ ವಿಂಟರ್‌ನ್ಯಾಷನಲ್ಸ್ ಓಟವನ್ನು ಅದೇ ಕಾರಿನಲ್ಲಿ ಗೆದ್ದ. ಕೆಲವೇ ವರ್ಷಗಳಲ್ಲಿ ಆ ದರ್ಜೆಯ ಓಟದಿಂದ ಮುಂದೆ ಎಂಜಿನ್ ಇದ್ದ ಕಾರುಗಳು ಮಾಯವಾದವು.

ನಾನು ಕ್ಲಚ್ಚಿನ ಚಿಪ್ಪನ್ನು ಹಳೆಯ ಬರ್ನಾಲ್ ಟ್ಯೂಬಿನ ತಗಡಿನಲ್ಲಿ ಮಾಡುತ್ತಿದ್ದ ದಿನ ಭಾವ ಬಂದರು.

ಭಾವ ಅಂದರೆ ಅಕ್ಕನ ಗಂಡ. ನಾವಿಬ್ಬರೂ ಒಂದೇ ವರ್ಕ್‌ಶಾಪಿನಲ್ಲಿದ್ದವರು. ನಾನು ಟೂಲ್‌ರೂಮು, ಅವರು ಪವರ್ ಪ್ರೆಸ್ಸು. ಪವರ್ ಪ್ರೆಸ್ ನೋಡದವರಿಗೆ ಹೇಳುತ್ತೇನೆ. ಕೈಯಲ್ಲಿ ತಗಡನ್ನು ಡೈ ಒಳಗೆ ಇಡಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು. ಸದಾ ತಿರುಗುತ್ತಿರುವ ದೊಡ್ಡ ಚಕ್ರಕ್ಕೆ ಒಂದು ಕೀಲಿ ಸಿಕ್ಕಿಕೊಂಡು ರ್‍ಯಾಮ್ ಧಡ್ ಅಂತ ಒಂದು ಸಲ ಇಳಿದು ಮೇಲೆ ಹೋಗಿ ನಿಲ್ಲುತ್ತದೆ. ಆ ಕೀಲಿ ಸವೆದಿದ್ದರೆ ನಿಲ್ಲುವುದಿಲ್ಲ, ಪೆಡಲ್ ಒತ್ತದಿದ್ದರೂ ಇನ್ನೊಂದು ಸಲ ಇಳಿಯುತ್ತದೆ. ನಾವು ಅದಕ್ಕೆ ಡಬಲ್ ಸ್ಟ್ರೋಕ್ ಅನ್ನುತ್ತಿದ್ದೆವು.

ಆ ಪ್ರೆಸ್ಸಿಗೆ ಗಾರ್ಡು ಇತ್ತು. ಟೂಲ್‌ರೂಮಿನಲ್ಲಿ ಅದನ್ನು ಮಾಡಿದವನು ನಾನೇ. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮಿನ ಪ್ರಕಾರ ಅಪಾಯದ ಯಂತ್ರಭಾಗಕ್ಕೆ ಬೇಲಿ ಇರಲೇಬೇಕಿತ್ತು. ಗಾರ್ಡು ಇದ್ದರೆ ಗಂಟೆಗೆ ಇಷ್ಟು ತುಂಡು ಕಡಿಮೆ ಬೀಳುತ್ತದೆ ಅಂತ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಇನ್‌ಸ್ಪೆಕ್ಟರ್ ಬರುವ ದಿನ ಒರೆಸಿ ಹಾಕುತ್ತಿದ್ದರು. ಡಬಲ್ ಸ್ಟ್ರೋಕ್ ಬರುತ್ತಿದೆ ಅಂತ ಭಾವ ಮೂರು ಸಲ ಹೇಳಿದರು. ಬರೀ ದೂರು ಹೇಳಲಿಲ್ಲ. ಪೆಡಲ್ ತೆಗೆದು ಎರಡು ಬಟನ್ ಇಡಿ, ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳೀಲಿ, ಆಗ ಕೈ ಒಳಗಿರೋಕೇ ಸಾಧ್ಯವಿಲ್ಲ ಅಂತ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ತೋರಿಸಿದರು. ಏಳನೇ ಕ್ಲಾಸು ಓದಿದವರು. “ನೀನು ಆಪರೇಟರ್ರಾ, ಎಂಜಿನಿಯರ್ರಾ?” ಅಂತ ಕೇಳಿ ನಕ್ಕರಂತೆ. ಎರಡು ಕೈಯ ಬಟನ್ನಿನ ಪ್ರೆಸ್ಸುಗಳು ಆಗಲೇ ಲೋಕದಲ್ಲಿದ್ದವು ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

1986ರಲ್ಲಿ ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಕಾರ್ಮಿಕನ ಅಜಾಗರೂಕತೆ ಅಂತ ಕಾಗದದಲ್ಲಿ ಬರೆದರು. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕೈಯ ಮೂರು ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30 ನಷ್ಟ ಅಂತ ಇತ್ತು. ಮನುಷ್ಯನನ್ನೂ ಸ್ಕೇಲಿಗೆ ಇಳಿಸುವ ಲೆಕ್ಕ. ಮುದ್ದೆ ಮುರಿಯೋಕೆ ಆಗದ ಕೈಗೆ ಎಷ್ಟು ಶೇಕಡ, ಅದು ಪಟ್ಟಿಯಲ್ಲಿರಲಿಲ್ಲ. ಅಕ್ಕ ಗಾರ್ಮೆಂಟ್ಸಿಗೆ ಸೇರಿದ್ದು ಆ ವರ್ಷವೇ.

ಭಾವ ಕಾರನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ತಗಡಿನ ಚಿಪ್ಪು ಯಾಕೆ ಅಂತ ಕೇಳಿದರು. ಗಾರ್ಲಿಟ್ಸ್ ಕಥೆ ಹೇಳಿದೆ. ಕಾಲು ಹೋದದ್ದು, ಆಸ್ಪತ್ರೆ, ಎಂಜಿನ್ ಹಿಂದಕ್ಕೆ ಹೋದದ್ದು, ಎಲ್ಲ.

“ಯಾರು ಬದಲಾಯಿಸಿದ್ದು?” ಅಂದರು.

“ಅವನೇ ಭಾವ. ಕಾಲು ಕಳ್ಕೊಂಡೋನೇ.”

“ಅವನಿಗೆ ಬಿಟ್ರಾ?”

ನಾನು ಗಾರ್ಲಿಟ್ಸ್ ಬಗ್ಗೆ ಓದಿದ್ದರಲ್ಲೆಲ್ಲ ಅವನ ಧೈರ್ಯದ ಮಾತಿತ್ತು, ಬುದ್ಧಿಯ ಮಾತಿತ್ತು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಬಿಟ್ಟರು, ಯಾಕೆಂದರೆ ತಡೆಯೋರು ಯಾರೂ ಇರಲಿಲ್ಲ. ಕಾರು ಅವನದು. ಶೆಡ್ಡು ಅವನದು. ವೆಲ್ಡಿಂಗ್ ಟಾರ್ಚು ಅವನದು. ಯಂತ್ರ ಅವನ ಕಾಲನ್ನು ತಿಂದಿತು, ಅವನು ಎದ್ದು ಬಂದು ಯಂತ್ರದ ಹೊಟ್ಟೆಯನ್ನೇ ಬೇರೆ ಕಡೆ ಇಟ್ಟ. ಭಾವನಿಗೂ ಅಷ್ಟೇ ಬುದ್ಧಿಯಿತ್ತು, ಬೆರಳು ಹೋಗೋಕೆ ಮುಂಚೆಯೇ ಇತ್ತು. ಆ ಪ್ರೆಸ್ಸಿನ ಒಂದು ಬೋಲ್ಟು ಸಡಿಲಿಸುವ ಹಕ್ಕು ಅವರಿಗಿರಲಿಲ್ಲ. ಅಕ್ಕ ಕೇಳಿದ್ದಕ್ಕೆ ಉತ್ತರವೂ ಇಲ್ಲೇ ಇದೆ. ಮುರಿಯೋಕೆ ಮುಂಚೆ ಬುದ್ಧಿ ಬಂದಿರುತ್ತದೆ. ಬಂದದ್ದು ಯಂತ್ರದ ಮುಂದೆ ನಿಂತವನಿಗೆ. ಪೆನ್ಸಿಲ್ ಇರುವುದು ಬೇರೆಯವನ ಕೈಯಲ್ಲಿ.

ಆ ದೇಶವನ್ನು ಹೊಗಳೋಕೆ ಇದನ್ನು ಬರೆಯುತ್ತಿಲ್ಲ. ಲಯನ್ಸ್ ಸ್ಟ್ರಿಪ್‌ನಲ್ಲಿ ಗಾಯವಾದ ಆ ಹುಡುಗನ ಕೈಯಲ್ಲೂ ಪೆನ್ಸಿಲ್ ಇರಲಿಲ್ಲ. ಶರ್ಲಿ ಮಲ್ಡೌನಿ ಎಂಬ ಹೆಂಗಸು, ಹೆಣ್ಣಿಗೆ ಇದೆಲ್ಲ ಯಾಕೆ ಅಂದವರ ನಡುವೆಯೇ 1973ರಲ್ಲಿ ಟಾಪ್ ಫ್ಯೂಯೆಲ್ ದರ್ಜೆಯ ಲೈಸೆನ್ಸು ಪಡೆದು, 1977, 1980, 1982ರಲ್ಲಿ ಚಾಂಪಿಯನ್ ಆದಳು. 1984ರಲ್ಲಿ ಮಾಂಟ್ರಿಯಲ್ ಬಳಿ ಮುಂದಿನ ಸಣಕಲು ಚಕ್ರದ ಟ್ಯೂಬು ಕಿತ್ತು ಚಕ್ರಕ್ಕೇ ಸುತ್ತಿಕೊಂಡು ಅವಳ ಎರಡೂ ಕಾಲು ನುಜ್ಜಾದವು. 1986ರಲ್ಲಿ ಮತ್ತೆ ಬಂದು ಓಡಿಸಿದಳು. 2008ರಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಸತ್ತ ಮೇಲೆ, ನೈಟ್ರೊ ಉರಿಸುವ ದೊಡ್ಡ ದರ್ಜೆಗಳ ಓಟವನ್ನು 1320 ಅಡಿಯಿಂದ 1000 ಅಡಿಗೆ ಇಳಿಸಿದರು. ಅಲ್ಲೂ ನಿಯಮದ ಪುಸ್ತಕಕ್ಕೆ ಹಾಳೆ ಸೇರುವುದು ಹೀಗೆ, ಒಬ್ಬೊಬ್ಬರ ಮೈ ಮುರಿದ ಮೇಲೆ. ಆದರೆ ಸೇರುತ್ತದೆ. ಮುರಿದವರ ಹೆಸರೂ ಉಳಿಯುತ್ತದೆ. ನಮ್ಮ ವರ್ಕ್‌ಶಾಪುಗಳಲ್ಲಿ ಬೆರಳು ಹೋದವರ ಹೆಸರು ಮಸ್ಟರ್ ರೋಲಿನಿಂದಲೂ ಹೋಗುತ್ತದೆ.

ಇಷ್ಟು ಸಣ್ಣ ಕಾರಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಹೊರಗಿನ ಬಣ್ಣ ಹಚ್ಚಿದರೆ ಕಾರು ಮುಗಿಯಿತು ಅನ್ನುವವರು ಅವರು. ಸೀಟಿನ ಪಟ್ಟಿ ಕೂರಿಸುವಾಗ ಅದು ಯಾರ ಎದೆಯನ್ನು ಹಿಡಿಯಬೇಕು ಅಂತ ಯೋಚಿಸಬೇಕಾಗುತ್ತದೆ. ಹಗ್ಗ ಕಟ್ಟುವಾಗ ಅದನ್ನು ಎಳೆಯುವ ಕೈ ಎಲ್ಲಿರುತ್ತದೆ ಅಂತ ಯೋಚಿಸಬೇಕಾಗುತ್ತದೆ. ಯಂತ್ರದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಅನ್ನುವುದು ಆಗ ನೆನಪಿಗೆ ಬರುತ್ತದೆ. ಈ ನೆನಪು ನಮ್ಮ ಮೇಲೆ ಡ್ರಾಯಿಂಗ್ ಬರೆದವರಿಗೆ ಇದ್ದಿದ್ದರೆ ನನಗೆ ಈ ಬರಹದ ಕೆಲಸ ಇರುತ್ತಿರಲಿಲ್ಲ.

ಭಾವ ಹೊರಡುವ ಮುಂಚೆ ಕಾರನ್ನು ಹಲಗೆಯ ಮೇಲೆ ಇಟ್ಟು, “ಇದೆಲ್ಲ ಚೆನ್ನಾಗಿದೆ ಕಣಯ್ಯ. ನಮ್ಮ ಪ್ರೆಸ್ಸು ಮಾಡು” ಅಂದರು.

ಮಾಡುತ್ತಿದ್ದೇನೆ. ಅದಕ್ಕೆ ಯಾವ ಕಂಪನಿಯ ಪೆಟ್ಟಿಗೆಯೂ ಸಿಗುವುದಿಲ್ಲ, ಎಲ್ಲ ಮೊದಲಿನಿಂದ ಕೈಯಲ್ಲೇ ಆಗಬೇಕು. ಎಂಟು ಅಡಿಯ ಪ್ರೆಸ್ಸು 96 ಇಂಚು, ನನ್ನ ಅಳತೆಗೆ 96 ಮಿಲಿಮೀಟರಿನ ಆಸುಪಾಸು. ದೊಡ್ಡ ಚಕ್ರಕ್ಕೆ ಹಳೇ ಗಡಿಯಾರದ ಹಲ್ಲುಚಕ್ರ ಸಿಕ್ಕಿದೆ, ಹಲ್ಲು ಅರೆದು ನುಣ್ಣಗೆ ಮಾಡಿದ್ದೇನೆ. ಗಾರ್ಡು ಇರುತ್ತದೆ, ಅದಕ್ಕೆ ನಾಲ್ಕು ಬೋಲ್ಟು, ಬಿಚ್ಚೋಕೆ ಬಾರದ ಹಾಗೆ ಅಂಟಿಸುತ್ತೇನೆ. ಪೆಡಲ್ ಇರುವುದಿಲ್ಲ. ಎರಡು ಬಟನ್ ಇರುತ್ತವೆ. ಅವುಗಳ ನಡುವೆ ಎಷ್ಟು ದೂರ ಅಂತ ಕೇಳಿದ್ದಕ್ಕೆ ಭಾವ, “ಒಂದೇ ಕೈಲಿ ಎರಡೂ ಒತ್ತೋಕೆ ಆಗ್ಬಾರ್ದು, ಒಂದು ಬಟನ್ನು ಮೊಣಕೈಲಿ, ಇನ್ನೊಂದು ಬೆರಳಲ್ಲಿ ಒತ್ತಿ ಮೋಸ ಮಾಡ್ತಾರೆ ಹುಡುಗ್ರು, ಅಷ್ಟು ದೂರ ಇಡು” ಅಂದರು. ಎರಡು ಅಡಿ ಅಂತ ತೀರ್ಮಾನ ಮಾಡಿದ್ದಾರೆ. ನನ್ನ ಹಲಗೆಯಲ್ಲಿ 24 ಮಿಲಿಮೀಟರು.

ಡ್ರಾಯಿಂಗು ನಾನು ಬರೆಯುತ್ತಿಲ್ಲ. ಭಾನುವಾರ ಬಂದು ಎಡಗೈಯಲ್ಲಿ ಅವರೇ ಬರೆಯುತ್ತಾರೆ. ಗೆರೆ ಸ್ವಲ್ಪ ನಡುಗುತ್ತದೆ, ಅಳತೆ ಸರಿಯಾಗಿರುತ್ತದೆ.